ಬಂಧುವಲ್ಲದ ದಾನಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಶರಣ ಬಂಧುಗಳಿಗೆ ರಕ್ತದಾನ ಹೊಸದಲ್ಲ. ಸ್ಟೆಮ್ ಸೆಲ್ ಎಂಬ ರಕ್ತದ ಆಕರಕೋಶಗಳ ದಾನವೆಂದರೆ ಮಾತ್ರ ಮನೆಮಂದಿ ಅಂಜುತ್ತಾರೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾಗಳಿಂದ ಬಳಲುವ ಎಷ್ಟೋ ಮಕ್ಕಳಿಗೆ ಈ ಕೋಶಗಳ ಕಸಿಯೇ ಆಸರೆ. ಒಡಹುಟ್ಟಿದ ಒಬ್ಬರು ಪೂರ್ಣವಾಗಿ ಹೊಂದುವ ಸಂಭವ ಶೇ. 25 ಮಾತ್ರ. ಹೊಂದದಿದ್ದಲ್ಲಿ ಬಂಧುವಲ್ಲದ ದಾನಿಯನ್ನು ಅರಸಬೇಕಾಗುತ್ತದೆ.

ವೈದ್ಯರು ಮೊದಲು ನೋಡುವುದು ರಕ್ತದ ಗುಂಪನ್ನಲ್ಲ, ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತನ್ನು. ಅದು ತಂದೆತಾಯಿಗಳಿಂದ ಬರುವಂಥದು. ಆದುದರಿಂದ ನಮ್ಮ ಮಗುವಿಗೆ ಹೊಂದುವ ದಾನಿ ಪರದೇಶದವರಿಗಿಂತ ನಮ್ಮ ನಾಡಿನವರಲ್ಲಿಯೇ ದೊರೆಯುವ ಸಂಭವ ಹೆಚ್ಚು. ಸಮನಾಗಿ ಹೊಂದುವವರು ಹಲವರಿದ್ದರೆ ಎಳೆಯ ವಯಸ್ಸಿನವರಿಗೆ ಆದ್ಯತೆ. ಒಳಪಂಗಡವನ್ನು ಅಲ್ಲಿ ಯಾರೂ ಕೇಳುವುದಿಲ್ಲವೆಂಬುದು ನಮಗೆ ಸಂತೋಷದ ಸಂಗತಿ.

ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಗಳು ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಒರೆಸಿಕೊಂಡು ಹೆಸರು ನೋಂದಾಯಿಸಿಕೊಳ್ಳುತ್ತವೆ. ಮುಂದೆ ಕರೆ ಬಂದರೆ, ಕೆಲವು ದಿನ ಚುಚ್ಚುಮದ್ದು ಕೊಟ್ಟು, ಬಹುಮಟ್ಟಿಗೆ ತೋಳಿನ ರಕ್ತದಿಂದಲೇ ಕೋಶಗಳನ್ನು ಬೇರ್ಪಡಿಸುತ್ತಾರೆ. ಮೈಕೈ ನೋವು ಕೆಲದಿನ ಇದ್ದೀತು. ಕೊಟ್ಟ ಕೋಶಗಳು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ನಮ್ಮ ಕಳವಳ ಬೇರೆಯದು. ಕಸಿಗೆ ಮುನ್ನ ಪ್ರಬಲ ಔಷಧಗಳಿಂದ ರೋಗಿಯ ಅಸ್ಥಿಮಜ್ಜೆಯನ್ನು ಬರಿದು ಮಾಡಿರುತ್ತಾರೆ. ಆ ಹೊತ್ತಿನಲ್ಲಿ ದಾನಿಯು ಮನೆಯವರ ಅಂಜಿಕೆಗೆ ಮಣಿದು ಹಿಂದೆ ಸರಿದರೆ ಆ ಜೀವ ಉಳಿಯುವುದು ಕಷ್ಟ. ಹೆಸರು ಬರೆಸುವ ಮುನ್ನವೇ ತಾಯಿ, ಮಡದಿ, ಅಜ್ಜಿಯರೊಡನೆ ಕುಳಿತು ಮಾತನಾಡಿರಿ. ಬೇಡವೆನ್ನುವವರು ಅಂದೇ ಬೇಡವೆನ್ನಲಿ.