ನಾಲ್ಕನೆಯ ಕವಾಟ

ತಾಳವಾಡಿ ಬೆಟ್ಟದ ಶಾಲಾಮಕ್ಕಳ ಗಂಟಲುನೋವಿಗೂ ತಿರುವನಂತಪುರದ ಪ್ರಯೋಗಶಾಲೆಯೊಂದಕ್ಕೂ ನಂಟಿದೆ. ಉಪೇಕ್ಷಿಸಿದ ಗಂಟಲುನೋವು ಕೆಲವರಲ್ಲಿ ರುಮ್ಯಾಟಿಕ್ ಜ್ವರಕ್ಕೆ ತಿರುಗಿ ಹೃದಯದ ಕವಾಟವನ್ನು ಕೆಡಿಸುತ್ತದೆ. ಬದಲಿ ಕವಾಟ ವಿದೇಶದಿಂದಲೇ ಬರಬೇಕಿದ್ದ ಕಾಲದಲ್ಲಿ ಅದರ ಬೆಲೆ ಬಡವರಿಗೆ ನಿಲುಕುತ್ತಿರಲಿಲ್ಲ. ಶ್ರೀಚಿತ್ರಾ ಸಂಸ್ಥೆಯ ನಿರ್ದೇಶಕರಾಗಿದ್ದ ಹೃದಯ ಶಸ್ತ್ರವೈದ್ಯ ಡಾ. ಎಂ.ಎಸ್. ವಲಿಯತ್ತಾನ್ ಸ್ವದೇಶಿ ಕವಾಟದ ನಿರ್ಮಾಣಕ್ಕೆ ತೊಡಗಿದ್ದು ಆಗಲೇ. ಮೊದಲ ಮೂರು ಮಾದರಿಗಳು ಸೋತವು. ಕೃತಕ ನೀಲಮಣಿಯ ಬಿಲ್ಲೆಯಂತೂ ಪ್ರಯೋಗದ ಕುರಿಯ ಎದೆಯಲ್ಲೇ ಒಡೆಯಿತು. ರತ್ನ ಸೋತಲ್ಲಿ ಗೆದ್ದದ್ದು ಪ್ಲಾಸ್ಟಿಕ್! ಪಾಲಿಎಥಿಲೀನ್ ಬಿಲ್ಲೆಯ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅಲ್ಲಿಂದೀಚೆಗೆ ಅದನ್ನು ಪಡೆದವರು ಲಕ್ಷಕ್ಕೂ ಮಿಕ್ಕು. ಮುಂದೆ ಮಣಿಪಾಲದಲ್ಲಿ ಕುಲಪತಿಯಾದ ಅವರು ಚರಕ, ಸುಶ್ರುತ, ವಾಗ್ಭಟರ ಕುರಿತು ಗ್ರಂಥಗಳನ್ನು ಬರೆದು, ಆಯುರ್ವೇದದ ಮಾತುಗಳನ್ನು ಜೀವವಿಜ್ಞಾನದ ಪರೀಕ್ಷೆಗೆ ಒಡ್ಡುವಂತೆ ಕಿರಿಯ ಸಂಶೋಧಕರನ್ನು ಹುರಿದುಂಬಿಸಿದರು. 2024ರ ಜುಲೈಯಲ್ಲಿ ಮಣಿಪಾಲದಲ್ಲಿ ನಿಧನರಾದಾಗ ಅವರಿಗೆ 90 ವರ್ಷ.