ಉಯಿಲು ಬರೆಯದೆ ಹೋದರೆ: ಮರುಮದುವೆಯಾದ ಮನೆಯಲ್ಲಿ ಯಾರಿಗೆ ಎಷ್ಟು ಪಾಲು?

ಸಂಗಾತಿಯನ್ನು ಕಳೆದುಕೊಂಡವರು ಮರುಮದುವೆಯಾಗುವುದು ನಮ್ಮ ಚರ್ಚುಗಳಲ್ಲಿ ಹೊಸದೇನಲ್ಲ. ಗಂಡನ ಮಕ್ಕಳು, ಹೆಂಡತಿಯ ಮಕ್ಕಳು, ಇಬ್ಬರಿಗೂ ಹುಟ್ಟಿದ ಮಕ್ಕಳು ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಆದರೆ ತಂದೆತಾಯಿ ಉಯಿಲು, ಅಂದರೆ ನಾವು ವೀಲುನಾಮೆ ಎನ್ನುವ ಪತ್ರ, ಬರೆಯದೆ ತೀರಿಕೊಂಡರೆ ಕಾನೂನು ಈ ಮಕ್ಕಳನ್ನು ಒಂದೇ ರೀತಿ ನೋಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದೆ ಗಂಡ ತೀರಿಕೊಂಡರೆ ಆಸ್ತಿಯ ಮೂರನೇ ಒಂದು ಭಾಗ ಹೆಂಡತಿಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮಪಾಲು. ಹೆಂಡತಿ ತೀರಿಕೊಂಡರೆ ಗಂಡನಿಗೂ ಇದೇ ಹಕ್ಕು. ಗಂಡು ಹೆಣ್ಣು ಎಂಬ ಭೇದವಿಲ್ಲ. ಮೊದಲ ಮದುವೆಯ ಮಕ್ಕಳು, ಎರಡನೇ ಮದುವೆಯ ಮಕ್ಕಳು ಎಂಬ ಭೇದವೂ ಇಲ್ಲ. ಆದರೆ ಸಂಗಾತಿ ಜೊತೆಗೆ ಕರೆತಂದ ಮಗುವಿಗೆ, ಅಂದರೆ ಮಲಮಗ ಅಥವಾ ಮಲಮಗಳಿಗೆ, ಪಾಲಿಲ್ಲ.

ಒಂದು ಉದಾಹರಣೆ

ಕರಾವಳಿಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನಾಗಮಂಗಲ ತಾಲೂಕಿನ ಬೆಳ್ಳೂರು ಸಿಗುತ್ತದೆ. ನಮ್ಮವರೊಬ್ಬರು ಅಲ್ಲಿ ನೆಲೆಸಿ, ಸ್ವಂತ ದುಡಿಮೆಯಿಂದ 18 ಗುಂಟೆ ಜಮೀನು ಕೊಂಡಿದ್ದಾರೆ ಎಂದು ಇಟ್ಟುಕೊಳ್ಳೋಣ. ಮೊದಲ ಹೆಂಡತಿಯಿಂದ ಇಬ್ಬರು ಮಕ್ಕಳು. ಆಕೆ ತೀರಿಕೊಂಡ ಬಳಿಕ, ಒಬ್ಬ ಮಗಳಿದ್ದ ವಿಧವೆಯನ್ನು ಮದುವೆಯಾದರು. ಇವರಿಗೆ ಒಬ್ಬ ಮಗ ಹುಟ್ಟಿದ.

ಅವರು ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ 6 ಗುಂಟೆ, ಅವರ ಮೂವರು ಸ್ವಂತ ಮಕ್ಕಳಿಗೆ ತಲಾ 4 ಗುಂಟೆ. ಮಲಮಗಳಿಗೆ ಏನೂ ಇಲ್ಲ. ಮುಂದೆ ಹೆಂಡತಿಯೂ ಉಯಿಲು ಬರೆಯದೆ ತೀರಿಕೊಂಡರೆ ಆಕೆಯ 6 ಗುಂಟೆ ಆಕೆ ಹೆತ್ತ ಇಬ್ಬರಿಗೇ ತಲಾ 3ರಂತೆ ಹೋಗುತ್ತದೆ. ಕೊನೆಗೆ ಮೊದಲ ಹೆಂಡತಿಯ ಮಕ್ಕಳಿಗೆ ತಲಾ 4, ಕಿರಿಯ ಮಗನಿಗೆ 7, ಮಲಮಗಳಿಗೆ 3 ಗುಂಟೆ.

ಹೆಂಡತಿಯೇ ಮೊದಲು ತೀರಿಕೊಂಡರೆ? ಆಗ ಗಂಡನ ಮೂವರು ಮಕ್ಕಳಿಗೆ ತಲಾ 6 ಗುಂಟೆ. ಆ ಹೆಣ್ಣುಮಗಳಿಗೆ ಒಂದು ಗುಂಟೆಯೂ ಇಲ್ಲ. ಹೀಗೆ ಯಾರು ಮೊದಲು ಸತ್ತರು ಎಂಬುದೇ ಮಕ್ಕಳ ಪಾಲನ್ನು ತೀರ್ಮಾನಿಸುತ್ತದೆ.

ಇದೇ ಕುಟುಂಬ ಹಿಂದೂ ಆಗಿದ್ದು, ಗಂಡನ ತಾಯಿ ಬದುಕಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೂ ಮೂವರು ಮಕ್ಕಳಿಗೂ ತಲಾ ನಾಲ್ಕೂವರೆ ಗುಂಟೆ. ಅಲ್ಲಿಯೂ ಮಲಮಗಳಿಗೆ ಪಾಲಿಲ್ಲ. ಹಿಂದೂ ಮಹಿಳೆಯ ಆಸ್ತಿಯ ವಿಷಯದಲ್ಲಿ ‘ಮಗ’ ಎಂಬ ಪದದೊಳಗೆ ಮಲಮಗ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ನೀಡಿದೆ.

ಹಳೆಯ ಉಯಿಲು ನಡೆಯುವುದಿಲ್ಲ

ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ನಮ್ಮ ಕಾಯ್ದೆಯ 69ನೇ ಕಲಮಿನ ಪ್ರಕಾರ ಮದುವೆಯಾದೊಡನೆ, ಅದಕ್ಕೆ ಮುಂಚೆ ಬರೆದ ಉಯಿಲು ರದ್ದಾಗುತ್ತದೆ. ಮೊದಲ ಹೆಂಡತಿಯ ಮಕ್ಕಳಿಗೆ ಮನೆ ಬರೆದಿಟ್ಟು ಆಮೇಲೆ ಮರುಮದುವೆಯಾದವರು ಹೊಸದಾಗಿ ಬರೆಯಲೇಬೇಕು. ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಮಾಡಬೇಕಾದದ್ದು

ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯಾಗಿ ಉಯಿಲು ಬರೆಯಬೇಕು. ಮಲಮಗುವಿಗೆ ಕೊಡುವುದಿದ್ದರೆ ಹೆಸರು ಹಿಡಿದು ಬರೆಯಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಾಲು ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಅವರಿಗೆ ಬರೆದ ಪಾಲು ಅಸಿಂಧುವಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸುವುದು ಒಳ್ಳೆಯದು. ಮಗುವಿಗೆ 18 ತುಂಬಿರದಿದ್ದರೆ 2015ರ ಬಾಲ ನ್ಯಾಯ ಕಾಯ್ದೆಯಡಿ ಕ್ರಮಬದ್ಧವಾಗಿ ದತ್ತು ಪಡೆಯುವ ದಾರಿಯೂ ಇದೆ. ಹಾಗೆ ದತ್ತಾದ ಮಗುವಿಗೆ ಸ್ವಂತ ಮಗುವಿನ ಹಕ್ಕು ಸಿಗುತ್ತದೆ.

ಮರುಮದುವೆಗೆ ಸಿದ್ಧರಾಗುವವರಿಗೆ ಈ ವಿಷಯ ತಿಳಿಸುವಂತೆ ವಾಳೆಯ ಗುರಿಕಾರರಲ್ಲಿ ನಾವು ವಿನಂತಿಸುತ್ತೇವೆ. ವಕೀಲರ ಸಲಹೆ ಪಡೆಯಿರಿ. ಮಹಿಳೆಯರಿಗೆ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಇಂದು ಬರೆದಿಡುವ ಒಂದು ಹಾಳೆ ನಾಳೆ ಒಡಹುಟ್ಟಿದವರಂತೆ ಬೆಳೆದ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ತಪ್ಪಿಸಬಲ್ಲದು.