ಉಬ್ಬಸದ ಮಗುವಿಗೆ ಔಷಧದೊಡನೆ ಆಟ

ಮಳೆಗಾಲ ಕಳೆದು ಹವೆ ತಣ್ಣಗಾಗುತ್ತಲೇ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಅನೇಕ ಮನೆಗಳಲ್ಲಿ ಮಕ್ಕಳ ಎದೆಯಿಂದ ಸುಯ್ಯೆಂಬ ಸದ್ದು ಕೇಳತೊಡಗುತ್ತದೆ. ವೈದ್ಯರು ಪಂಪು ಬರೆದುಕೊಡುತ್ತಾರೆ. ಅದರೊಡನೆ ಸ್ಪೇಸರ್ ಎಂಬ ಕೊಳವೆಯನ್ನೂ ಮೂಗು ಬಾಯಿಗಳನ್ನು ಮುಚ್ಚುವ ಮುಖವಾಡವನ್ನೂ ಕೊಳ್ಳಹೇಳುತ್ತಾರೆ. ಇಷ್ಟರವರೆಗೆ ತೊಡಕಿಲ್ಲ. ಮನೆಗೆ ಬಂದ ಮೇಲೆ ಮೂರು ವರ್ಷದ ಮಗು ಆ ಮುಖವಾಡವನ್ನು ಕಂಡೊಡನೆ ಹೌಹಾರಿ ಅಳತೊಡಗಿದರೆ ಏನು ಮಾಡತಕ್ಕದ್ದು? ತಾಯಿ ಕೈಗಳನ್ನು ಹಿಡಿದುಕೊಳ್ಳುತ್ತಾಳೆ, ತಂದೆ ಮುಖವಾಡವನ್ನು ಒತ್ತಿ ಹಿಡಿಯುತ್ತಾನೆ. ಸಾಮಾನ್ಯವಾಗಿ ನಡೆಯುವುದು ಇದೇ.

ಇದರಿಂದ ಮಗುವಿನ ಭಯ ಹೆಚ್ಚುತ್ತದೆ, ಹಣ ತೆತ್ತು ತಂದ ಔಷಧವೂ ವ್ಯರ್ಥವಾಗುತ್ತದೆ. ಅಳುವ ಮಗು ಉಸಿರನ್ನು ದೀರ್ಘವಾಗಿ ಹೊರಬಿಟ್ಟು, ಒಳಗೆಳೆಯುವಾಗ ಮಾತ್ರ ರಭಸದಿಂದ ಚುಟುಕಾಗಿ ಎಳೆಯುತ್ತದೆ. ಔಷಧದ ಬಹುಭಾಗ ಬಾಯಿ ಗಂಟಲುಗಳಿಗೆ ಅಂಟಿ ಹೊಟ್ಟೆಗಿಳಿಯುತ್ತದೆ. ಶ್ವಾಸಕೋಶಕ್ಕೆ ಸಲ್ಲುವುದು ಅತ್ಯಲ್ಪ. ಮಗು ಶಾಂತವಾಗಿ ಉಸಿರಾಡುವಂತೆ ಮಾಡುವ ಯಾವ ಆಟವನ್ನಾದರೂ ಚಿಕಿತ್ಸೆಯ ಒಂದು ಅಂಗವೆಂದೇ ಎಣಿಸಬೇಕು.

ಈ ವ್ಯಾಧಿ ಅಪರೂಪದ್ದೇನೂ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ೧೯೭೯ರಿಂದ ೧೯೯೯ರವರೆಗೆ ಐದೈದು ವರ್ಷಗಳಿಗೊಮ್ಮೆ ಒಟ್ಟು ೨೦,೦೦೦ ಮಕ್ಕಳನ್ನು ಪರಿಶೀಲಿಸಿದರು. ಆರಂಭದಲ್ಲಿ ನೂರಕ್ಕೆ ೯ರಷ್ಟಿದ್ದ ಆಸ್ತಮಾ ಕೊನೆಯಲ್ಲಿ ೨೯.೫ಕ್ಕೆ ಏರಿತ್ತು. ಆಸ್ಪತ್ರೆಯಲ್ಲಿ ನಡೆದ ಪರಿಶೀಲನೆಯಾದುದರಿಂದ ಊರಿನ ಎಲ್ಲ ಮಕ್ಕಳಿಗೂ ಈ ಲೆಕ್ಕ ಹೊಂದುತ್ತದೆಂದು ಹೇಳುವಂತಿಲ್ಲ, ಏರಿಕೆಯಂತೂ ಸ್ಪಷ್ಟವಾಗಿದೆ.

ಆಟದ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಸಂಶೋಧಕರು ತಿರುಗುವ ಬಿಲ್ಲೆಯನ್ನೂ ಸಿಳ್ಳನ್ನೂ ಜೋಡಿಸಿದ ‘ಫನ್‌ಹೇಲರ್’ ಎಂಬ ಸ್ಪೇಸರನ್ನು ನಿರ್ಮಿಸಿ, ೩೨ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿ, ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಗು ಸರಿಯಾಗಿ ಉಸಿರಾಡಿದರೆ ಬಿಲ್ಲೆ ತಿರುಗುತ್ತದೆ, ಸಿಳ್ಳು ಕೂಗುತ್ತದೆ. ಹಳೆಯ ಸ್ಪೇಸರಿನಲ್ಲಿ ನಾಲ್ಕು ಅಥವಾ ಹೆಚ್ಚು ಉಸಿರುಗಳನ್ನು ಪೂರೈಸುತ್ತಿದ್ದ ಮಕ್ಕಳು ನೂರಕ್ಕೆ ೫೦, ಆಟಿಕೆಯಿದ್ದಾಗ ೮೦. ಔಷಧ ಸಾಗುವ ದಾರಿಗೆ ಅಡ್ಡಬಾರದಂತೆ ಆಟಿಕೆಯನ್ನು ಪಕ್ಕಕ್ಕೆ ಜೋಡಿಸಿದ್ದು ಅವರ ಜಾಣ್ಮೆ. ಆದರೆ ಎಲ್ಲ ಸಿಳ್ಳುಗಳ ಅರ್ಥವೂ ಒಂದೇ ಎಂದು ತಿಳಿಯಬೇಡಿ. ಕೆಲವು ಸ್ಪೇಸರುಗಳಲ್ಲಿ ಉಸಿರಿನ ವೇಗ ಮೀರಿದಾಗ ಎಚ್ಚರಿಸುವುದಕ್ಕಾಗಿ ಸಿಳ್ಳು ಕೂಗುತ್ತದೆ.

ನಮಗೆ ಅಂಥ ವಿಶೇಷ ಉಪಕರಣ ಬೇಕೆಂದಿಲ್ಲ. ಮೊದಲು ಗೊಂಬೆಗೆ ಮುಖವಾಡ ಹಾಕಿ, ಅನಂತರ ತಂದೆಗೆ, ಕೊನೆಗೆ ಮಗುವಿಗೆ. ಆ ಬಳಿಕ ಗಾಡಿಯಾಟ. ಪಂಪನ್ನು ಕುಲುಕಿ ಒಮ್ಮೆ ಒತ್ತಿದೊಡನೆ ಗಾಡಿ ಠಾಣೆಯಿಂದ ಹೊರಟಿತೆಂದು ಲೆಕ್ಕ. ಒಂದೊಂದು ಉಸಿರಿಗೆ ಒಂದೊಂದು ಸ್ಟೇಷನ್ನು: ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ. ಐದು ಉಸಿರುಗಳಾದವು. ನವಿ ಮುಂಬಯಿಯವರು ವಾಶಿಯಿಂದ ಹೊರಟು ಸಾನಪಾಡಾ, ಜುಯಿನಗರ, ನೆರೂಳ್, ಸೀವುಡ್ಸ್ ದಾಟಿ ಬೇಲಾಪುರ ಮುಟ್ಟಬಹುದು. ಇದು ಸ್ಲೋ ಗಾಡಿಯೇ ಆಗಬೇಕು. ಫಾಸ್ಟ್ ಗಾಡಿಗೆ ಇಲ್ಲಿ ಪ್ರವೇಶವಿಲ್ಲ. ಸ್ಪೇಸರಿನ ಕವಾಟ ಅಲುಗುವುದನ್ನು ನೋಡಿ ಸ್ಟೇಷನ್ನು ಬಂದಿತೆಂದು ಸಾರುವ ಕೆಲಸ ತಂದೆಯದು. ವೈದ್ಯರು ಎರಡು ಸಲ ಒತ್ತಲು ಹೇಳಿದ್ದರೆ, ಎರಡನ್ನೂ ಒಟ್ಟಿಗೆ ಒತ್ತದೆ, ಪಂಪನ್ನು ಮತ್ತೆ ಕುಲುಕಿ ಗಾಡಿಯನ್ನು ಪುನಃ ಮೊದಲಿಂದ ಹೊರಡಿಸಬೇಕು.

ತಂದೆಯ ಹೆಸರನ್ನು ಬೇಕೆಂದೇ ಎತ್ತಿದ್ದೇನೆ. ಹೋಟೆಲಿನ ಪಾಳಿ ಮುಗಿಸಿ ಮಧ್ಯರಾತ್ರಿಗೆ ಮನೆ ಸೇರುವವರಿಗೆ ಮಗು ಎಚ್ಚರವಾಗಿ ಸಿಗುವುದು ಬೆಳಗ್ಗೆ ಮಾತ್ರ. ಗುಮಾಸ್ತರಿಗೆ ಆ ಬೆಳಗೂ ಓಟದಲ್ಲೇ ಕಳೆಯುತ್ತದೆ. ಆದರೂ ಈ ಆಟಕ್ಕೆ ಹತ್ತು ನಿಮಿಷ ಸಾಕು.

ಕಫ ಕಟ್ಟುವ ಮಕ್ಕಳಿಗೆ ಫಿಸಿಯೋಥೆರಪಿ ತಜ್ಞರು ಹೇಳಿಕೊಡುವ ಆಟವೊಂದುಂಟು. ಬಾಟಲಿಯಲ್ಲಿ ಸ್ವಲ್ಪ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಸಾಬೂನು, ಅದರೊಳಗೊಂದು ನಳಿಗೆ. ಮಗು ದೀರ್ಘವಾಗಿ ಊದಿದರೆ ನೊರೆಗುಳ್ಳೆಗಳು ಉಕ್ಕಿ ಬಾಟಲಿಯಿಂದ ಹೊರಬರುತ್ತವೆ. ನೀರಿನ ಎದುರೊತ್ತಡ ಶ್ವಾಸನಾಳಗಳನ್ನು ತೆರೆದಿಡುತ್ತದೆ, ಗುಳ್ಳೆಗಳ ಅದುರು ಕಫವನ್ನು ಸಡಿಲಿಸುತ್ತದೆ. ಬಳಿಕ ಕನ್ನಡಿಯ ಮುಂದೆ ‘ಹಾ’ ಎಂದು ಉಸಿರು ಬಿಟ್ಟು ಗಾಜನ್ನು ಮಬ್ಬಾಗಿಸುವ ಪಂದ್ಯ. ಕಫ ಮೇಲೇರಲು ಇದು ನೆರವಾಗುತ್ತದೆ. ನೀರು ಎಷ್ಟು ಆಳವಿರಬೇಕು, ಎಷ್ಟು ಸಲ ಊದಬೇಕು ಎಂಬುದನ್ನು ತಜ್ಞರೇ ನಿರ್ಣಯಿಸಬೇಕು. ನಳಿಗೆಯಿಂದ ನೀರನ್ನು ಹೀರುವಷ್ಟು ಚಿಕ್ಕ ಮಗುವಿಗೆ ಈ ಆಟ ಬೇಡ. ಬಲೂನನ್ನಂತೂ ಎಳೆಯ ಮಕ್ಕಳ ಕೈಗೆ ಕೊಡಲೇಬಾರದು. ಒಡೆದ ಚೂರು ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಎರವಾದೀತು.

ದೊಡ್ಡ ಮಕ್ಕಳನ್ನು ‘ಉಬ್ಬಸದವನು’ ಎಂದು ಮೂಲೆಯಲ್ಲಿ ಕೂರಿಸುವ ರೂಢಿ ನಮ್ಮಲ್ಲಿದೆ. ಪಂಪು ಚಟವಾಗಿಬಿಡುತ್ತದೆಂದು ಅದನ್ನು ಬಚ್ಚಿಡುವವರೂ ಇದ್ದಾರೆ. ಎರಡಕ್ಕೂ ಆಧಾರವಿಲ್ಲ. ವ್ಯಾಧಿ ಹತೋಟಿಯಲ್ಲಿದ್ದರೆ ಮಗು ವೈದ್ಯರನ್ನು ಕೇಳಿಕೊಂಡು ಮೈದಾನಕ್ಕೆ ಇಳಿಯಬಹುದು. ಇಲ್ಲಿಯವರು ಹುತೂತೂ ಎನ್ನುತ್ತಿದ್ದ ನಮ್ಮ ಕಬಡ್ಡಿಯಲ್ಲಿ ಒಂದೇ ಉಸಿರಿಗೆ ಕೂಗುತ್ತ ಹೋಗಿಬರುವುದು ಉಸಿರನ್ನು ಅಳೆದು ಬಿಡುವ ಅಭ್ಯಾಸವಲ್ಲದೆ ಮತ್ತೇನು?

ಆದರೆ ಉಬ್ಬಸ ಕೆರಳಿದಾಗ ಯಾವ ಆಟವೂ ಸಲ್ಲದು. ಪಕ್ಕೆಲುಬುಗಳ ನಡುವೆ ಚರ್ಮ ಒಳಸೆಳೆದರೆ, ಮಾತು ತುಂಡುತುಂಡಾದರೆ, ತುಟಿ ನೀಲಿಗಟ್ಟಿದರೆ ವೈದ್ಯರು ಹೇಳಿದ ಶಮನದ ಪಂಪನ್ನು ಕೊಡುತ್ತಲೇ ಆಸ್ಪತ್ರೆಗೆ ಧಾವಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಸೊಳ್ಳೆ ಬತ್ತಿಯ ಹೊಗೆಯನ್ನೂ ನಿಲ್ಲಿಸಿ.

ಇನ್ನು ಸ್ಪೇಸರಿನ ಶುಚಿ. ಸಾಬೂನು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಅದ್ದಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೇ ಒಣಗಲು ಬಿಡಬೇಕು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುದಂಶ ಹುಟ್ಟಿ ಔಷಧ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ. ರಜೆಯ ದಿನ ಈ ಕೆಲಸವನ್ನು ಮಗುವಿಗೇ ಒಪ್ಪಿಸಿ ನೋಡಿ. ಗೊಂಬೆಗೂ ಅದೇ ನೀರಿನಲ್ಲಿ ಸ್ನಾನವಾಗಲಿ.